ಅಡಿಕೆ ಸೊಕ್ಕು ಮತ್ತು ಅಜ್ಜನ ನೆನಪು

ನಮ್ಮ ಕಡೆ, ಅಂದ್ರೆ ಪುತ್ತೂರು, ಸುಳ್ಯ, ಕಡಬದ ಕಡೆ, 'ಅಡಿಕೆ ಸೊಕ್ಕುವುದು' ಅಂತ ಒಂದು ಮಾತುಂಟು. ಅಭ್ಯಾಸ ಇಲ್ಲದವರು ಎಲೆ-ಅಡಿಕೆ ತಿಂದರೆ, ಅಥವಾ ಅಭ್ಯಾಸ ಇದ್ದವರಿಗೂ ಒಂದೊಂದು ಅಡಿಕೆ ಹಾಗೆ ಸಿಕ್ಕಿಬಿಟ್ಟರೆ, ಕಿವಿ ಬಿಸಿಯಾಗಿ, ಹಣೆಯಲ್ಲಿ ಬೆವರೊಡೆದು, ಬಾಯಿತುಂಬ ನೀರು ಬಂದು ತಲೆ ತಿರುಗುತ್ತದೆ. ಮದುವೆ ಮನೆಯಲ್ಲಿ ಊಟ ಮುಗಿಸಿ ಚಪ್ಪರದ ಕಂಬ ಹಿಡಿದು ಕೂತವನನ್ನು ನೋಡಿ ಯಾರೂ ಗಾಬರಿ ಆಗುವುದಿಲ್ಲ. "ಎಂತ ಇಲ್ಲ, ಅಡಿಕೆ ಸೊಕ್ಕಿದ್ದು" ಅಂತ ಹೇಳಿ ಒಂದು ಲೋಟ ನೀರು, ಒಂದು ತುಂಡು ಬೆಲ್ಲ ಕೊಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಮನುಷ್ಯ ಸರಿಯಾಗುತ್ತಾನೆ.

ಈ ಸೊಕ್ಕಿಗೆ ಮುಖ್ಯ ಕಾರಣವಾದ ವಸ್ತುವಿನ ಹೆಸರು ಅರೆಕೋಲಿನ್. ಅಡಿಕೆಯ ತೂಕದಲ್ಲಿ ಅದು ಸಾಮಾನ್ಯವಾಗಿ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಇಷ್ಟು ವರ್ಷ ಅಡಿಕೆ ಸುಲಿದು, ಅಂಗಳದಲ್ಲಿ ಹರಡಿ, ಮಳೆ ಬಂದಾಗ ಓಡಿ ಹೋಗಿ ಬಾಚಿದ ನನಗೆ ಆ ಹೆಸರು ಗೊತ್ತೇ ಇರಲಿಲ್ಲ. ಗೊತ್ತಾದದ್ದು ಅಜ್ಜನ ಮರೆವಿನ ಕಾಯಿಲೆಯಿಂದ. ಅಡಿಕೆಗೂ ನೆನಪಿಗೂ ಎಂತ ಸಂಬಂಧ ಅಂತ ಕೇಳ್ತೀರಾ? ಅದನ್ನೇ ಹೇಳಲಿಕ್ಕೆ ಹೊರಟದ್ದು. ಸ್ವಲ್ಪ ಉದ್ದ ಆಗಬಹುದು, ಸುಧಾರಿಸಿಕೊಳ್ಳಿ :-)

ನಮ್ಮ ಮನೆ ಬೆಳ್ಳಾರೆಯಿಂದ ಒಳಗೆ. ನಾನು ಇರುವುದು ಬೆಂಗಳೂರಿನಲ್ಲಿ, ಎಲ್ಲರ ಹಾಗೆ ಕಂಪ್ಯೂಟರ್ ಎದುರು ಕೂತು ಹೊಟ್ಟೆ ಹೊರೆಯುವವ. ಒಂದು ದಿನ ಅಪ್ಪ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಕಳಿಸಿದರು. ಅವರಿಗೆ ಅಡಿಕೆ ಬೆಳೆಗಾರರ ಯಾವುದೋ ಗುಂಪಿನಿಂದ ಬಂದದ್ದು. ಅಡಿಕೆಯಲ್ಲಿರುವ ಅರೆಕೋಲಿನ್ ಮರೆವಿನ ಕಾಯಿಲೆಯನ್ನು ಗುಣ ಮಾಡುತ್ತದೆ, ಅಮೆರಿಕದ ವಿಜ್ಞಾನಿಗಳೇ ಒಪ್ಪಿದ್ದಾರೆ, ಎಲ್ಲರಿಗೂ ಕಳಿಸಿ ಅಂತ ಇತ್ತು. ಕೆಳಗೆ ಅಪ್ಪನ ಒಂದೇ ಸಾಲು: "ಇದು ಹೌದಾ? ಅಜ್ಜನಿಗೆ ಎಲೆ ನಿಲ್ಲಿಸಿದ್ದು ತಪ್ಪಾಯಿತಾ?"

ಮನೆಯಲ್ಲಿ ಒಬ್ಬ ಇಂಜಿನಿಯರ್ ಇದ್ದರೆ ಹೀಗೇ. ಪಂಪ್‌ಸೆಟ್ಟಿನಿಂದ ಹಿಡಿದು ಮೆದುಳಿನವರೆಗೆ ಎಲ್ಲವೂ ಅವನಿಗೆ ಗೊತ್ತಿರಬೇಕು.

ಆದರೆ ಅಪ್ಪನ ಪ್ರಶ್ನೆಯನ್ನು ನಗಾಡಿ ಬಿಡುವ ಹಾಗಿರಲಿಲ್ಲ. ಅಜ್ಜನ ನೆನಪು ಜಾರಲಿಕ್ಕೆ ಶುರುವಾಗಿ ಆಗಲೇ ಎರಡು-ಮೂರು ವರ್ಷ ಆಗಿತ್ತು. ಮೊದಮೊದಲು ಕನ್ನಡಕ ಎಲ್ಲಿಟ್ಟೆ, ಬೀಗದಕೈ ಎಲ್ಲಿ ಅನ್ನುವ ಮಟ್ಟದ್ದು. ಆಮೇಲೆ ತಿಂಡಿ ತಿಂದ ಅರ್ಧ ಗಂಟೆಗೆ ಬಂದು "ಇವತ್ತು ತಿಂಡಿ ಇಲ್ಲವಾ?" ಅಂತ ಅಮ್ಮನನ್ನು ಕೇಳುವುದು. ಒಂದು ದಿನ ತಾವೇ ನೆಟ್ಟ ತೋಟದಲ್ಲಿ ದಾರಿ ತಪ್ಪಿ, ತೋಡಿನ ಬದಿಯಲ್ಲಿ ಕೂತಿದ್ದರು. ಕೆಲಸದವರು ಕರೆದುಕೊಂಡು ಬಂದರು.

ವಿಚಿತ್ರ ಏನೆಂದರೆ ಹಳೆಯದ್ದೆಲ್ಲ ಹಾಗೇ ಇತ್ತು. ಅಜ್ಜ ಪ್ರಾಯದಲ್ಲಿ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ದೊಡ್ಡ ಹೆಸರೇನೂ ಅಲ್ಲ, ಊರಿನ ಸಂಘದ ಮಟ್ಟಿಗೆ. ಯಾರಾದರೂ ಕರ್ಣಪರ್ವದ ಮಾತೆತ್ತಿದರೆ ಸಾಕು, ಶಲ್ಯನನ್ನು ಜರೆಯುವ ಕರ್ಣನ ಮಾತು ತಡೆಯಿಲ್ಲದೆ ಬರುತ್ತಿತ್ತು. ಐವತ್ತು ವರ್ಷದ ಹಿಂದಿನ ಅರ್ಥ ನೆನಪುಂಟು, ಅರ್ಧ ಗಂಟೆ ಹಿಂದಿನ ದೋಸೆ ನೆನಪಿಲ್ಲ! ಇದು ಎಂತ ಮರೆವು?

ಅಪ್ಪನಿಗೆ ಉತ್ತರ ಕೊಡಬೇಕಲ್ಲ, ಹಾಗಾಗಿ ಓದಲಿಕ್ಕೆ ಕೂತೆ.

ಮೊದಲು ಸ್ವಲ್ಪ ಕಥೆ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಹೇಗೆ, ಕರೆಂಟಿನಿಂದಲಾ ಅಥವಾ ರಾಸಾಯನಿಕದಿಂದಲಾ ಅಂತ ಹಿಂದೆ ದೊಡ್ಡ ಜಗಳ ಇತ್ತಂತೆ. ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿದ್ದ ಆಟೊ ಲೋವಿ ಎಂಬ ವಿಜ್ಞಾನಿಗೆ ಒಂದು ರಾತ್ರಿ ಅದನ್ನು ತೀರ್ಮಾನಿಸುವ ಪ್ರಯೋಗ ಕನಸಿನಲ್ಲಿ ಬಂತು. ಎದ್ದು ಚೀಟಿಯಲ್ಲಿ ಗೀಚಿ ಮಲಗಿದ. ಬೆಳಗ್ಗೆ ನೋಡಿದರೆ ತನ್ನ ಅಕ್ಷರ ತನಗೇ ಓದಲಿಕ್ಕೆ ಬರುತ್ತಿಲ್ಲ, ಕನಸೂ ಮರೆತು ಹೋಗಿದೆ! ಮರುದಿನ ರಾತ್ರಿ ಪುಣ್ಯಕ್ಕೆ ಅದೇ ಕನಸು ಮತ್ತೆ ಬಂತು. ಈ ಸಲ ನೇರ ಲ್ಯಾಬಿಗೆ ಓಡಿದ. ಒಂದು ಕಪ್ಪೆಯ ಹೃದಯದ ನರವನ್ನು ಪ್ರಚೋದಿಸಿ ಬಡಿತ ನಿಧಾನ ಮಾಡಿ, ಆ ಹೃದಯದಲ್ಲಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದ. ಅದೂ ನಿಧಾನ ಆಯಿತು. ಅಂದರೆ ಸುದ್ದಿ ಹೋದದ್ದು ದ್ರವದಲ್ಲಿದ್ದ ಯಾವುದೋ ವಸ್ತುವಿನಿಂದ. 1921ರಲ್ಲಿ ಅದನ್ನು ಪ್ರಕಟಿಸಿದ. ಆ ವಸ್ತುವೇ ಅಸಿಟೈಲ್‌ಕೋಲಿನ್. 1936ರಲ್ಲಿ ಲೋವಿಗೂ ಇಂಗ್ಲೆಂಡಿನ ಹೆನ್ರಿ ಡೇಲ್‌ಗೂ ಸೇರಿ ನೊಬೆಲ್ ಬಂತು. ಮುಂದೆ ನೆನಪಿನ ವಸ್ತು ಅಂತ ಹೆಸರು ಪಡೆದದ್ದು ಮೊದಲನೇ ರಾತ್ರಿಯೇ ಮರೆತುಹೋಗಿತ್ತು ನೋಡಿ!

ಈ ಅಸಿಟೈಲ್‌ಕೋಲಿನ್ ಹೃದಯದಲ್ಲಿ ಮಾತ್ರ ಅಲ್ಲ, ಬಾಯಿಯ ಜೊಲ್ಲಿನ ಗ್ರಂಥಿ, ಹೊಟ್ಟೆ, ಮೂತ್ರಕೋಶ, ಸ್ನಾಯು, ಬೆವರಿನ ಗ್ರಂಥಿ ಎಲ್ಲ ಕಡೆ ಉಂಟು. ಮೆದುಳಿನಲ್ಲೂ ಉಂಟು. ಮೆದುಳಿನ ಮುಂಭಾಗದ ಬುಡದಲ್ಲಿ ನರಕೋಶಗಳ ಒಂದು ಸಣ್ಣ ಗುಂಪಿದೆ. ವಿಯೆನ್ನಾದ ಥಿಯೋಡೋರ್ ಮೈನರ್ಟ್ ಎಂಬ ವೈದ್ಯನ ಹೆಸರು ಅದಕ್ಕೆ. ಗುಂಪು ಸಣ್ಣದು, ಆದರೆ ಅದರ ಎಳೆಗಳು ಮೆದುಳಿನ ಹೊರಪದರಕ್ಕೆಲ್ಲ ಹೋಗುತ್ತವೆ. ಅದರ ಪಕ್ಕದ ಇನ್ನೊಂದು ಗುಂಪು ಹೊಸ ನೆನಪುಗಳ ಆಫೀಸಾದ ಹಿಪ್ಪೋಕ್ಯಾಂಪಸ್‌ಗೆ ಎಳೆ ಕಳಿಸುತ್ತದೆ. ನಮ್ಮ ತೋಟದ ಲೆಕ್ಕದಲ್ಲಿ ಹೇಳುವುದಾದರೆ ಕೆರೆಯ ಬದಿಯ ಪಂಪ್‌ಶೆಡ್ಡಿನ ಹಾಗೆ. ಶೆಡ್ಡು ಇರುವುದು ಒಂದು ಮೂಲೆಯಲ್ಲಿ, ಸ್ಪ್ರಿಂಕ್ಲರ್ ತಿರುಗುವುದು ಇಡೀ ತೋಟದಲ್ಲಿ.

ಈ ನೀರು ಮಾಡುವ ಕೆಲಸ ಏನು? ನನಗೆ ಅರ್ಥವಾದದ್ದು ನನ್ನ ಭಾಷೆಯಲ್ಲಿ ಹೇಳ್ತೇನೆ. ಇಂಜಿನಿಯರಿಂಗ್ ಓದುವಾಗ ಲ್ಯಾಬಿನಲ್ಲಿ ಒಂದು ಮೆಮೊರಿ ಚಿಪ್ ಕೊಡುತ್ತಿದ್ದರು. ಅದರಲ್ಲಿ 'ರೈಟ್ ಎನೇಬಲ್' ಅಂತ ಒಂದು ಪಿನ್ ಇರುತ್ತದೆ. ಆ ಪಿನ್ನಿಗೆ ಸಿಗ್ನಲ್ ಕೊಟ್ಟರೆ ಮಾತ್ರ ಹೊಸದನ್ನು ಬರೆಯಬಹುದು. ಕೊಡದಿದ್ದರೆ ಇದ್ದದ್ದನ್ನು ಓದಬಹುದು, ಅಷ್ಟೆ. ಅಸಿಟೈಲ್‌ಕೋಲಿನ್ ಹೆಚ್ಚುಕಡಿಮೆ ಈ ಪಿನ್ನಿನ ಹಾಗೆ. ನಾವು ಎಚ್ಚರದಲ್ಲಿ, ಗಮನ ಕೊಟ್ಟು ಏನನ್ನಾದರೂ ನೋಡುವಾಗ ಅದರ ಮಟ್ಟ ಏರುತ್ತದೆ. 'ಇದು ಹೊಸದು, ಬರೆದುಕೋ' ಅನ್ನುವ ಸೂಚನೆ ಅದು. ನೆನಪು ಅದರೊಳಗೆ ಇರುವುದಲ್ಲ, ನೆನಪು ಇರುವುದು ನರಕೋಶಗಳ ನಡುವಿನ ಕೊಂಡಿಗಳಲ್ಲಿ. ಇದು ಬರೆಯಲಿಕ್ಕೆ ಒಪ್ಪಿಗೆ ಕೊಡುವ ಮೊಹರು ಮಾತ್ರ.

ಕರ್ಣಪರ್ವ ಉಳಿದು ದೋಸೆ ಹೋದದ್ದು ಯಾಕೆ ಅಂತ ಆಗ ಒಂದಿಷ್ಟು ಅರ್ಥವಾಯಿತು. ಕರ್ಣಪರ್ವ ಯಾವತ್ತೋ ಬರೆದು ಆಗಿದೆ, ನೂರು ಸಲ ತಿದ್ದಿ ಗಟ್ಟಿಯಾಗಿದೆ. ದೋಸೆ ಬರೆಯಲ್ಪಡಲೇ ಇಲ್ಲ. ಅಜ್ಜ ಮರೆತದ್ದಲ್ಲ, ಅವರಲ್ಲಿ ಅದು ದಾಖಲೆ ಆಗಲೇ ಇಲ್ಲ.

ಇನ್ನೊಂದು ಮಜಾ ಏನು ಗೊತ್ತಾ? ಗಾಢ ನಿದ್ದೆಯಲ್ಲಿ ಇದರ ಮಟ್ಟ ಕೆಳಗೆ ಇಳಿಯುತ್ತದೆ, ಇಳಿಯಲೇಬೇಕು. ಹಗಲು ಹಿಪ್ಪೋಕ್ಯಾಂಪಸ್ ಗೀಚಿಟ್ಟದ್ದನ್ನು ಮೆದುಳಿನ ಹೊರಪದರಕ್ಕೆ ನಿಧಾನವಾಗಿ ದಾಟಿಸುವ ಹೊತ್ತು ಅದು, ನಮ್ಮ ಆಫೀಸಿನ ನಡುರಾತ್ರಿ ಬ್ಯಾಕಪ್ಪಿನ ಹಾಗೆ. ಜರ್ಮನಿಯ ಗೈಸ್ ಮತ್ತು ಬಾರ್ನ್ 2004ರಲ್ಲಿ, ಗಾಢ ನಿದ್ದೆಯ ಹೊತ್ತಿಗೆ ಔಷಧಿ ಕೊಟ್ಟು ಅಸಿಟೈಲ್‌ಕೋಲಿನ್ ಏರಿಸಿ ನೋಡಿದರು. ಹಿಂದಿನ ಸಂಜೆ ಕಲಿತ ಪದಗಳ ನೆನಪು ಕೆಟ್ಟಿತು. ಹಾಗಾಗಿ ಜಾಸ್ತಿ ಇದ್ದರೆ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೇಕಾದಾಗ ಏರಬೇಕು, ಬೇಡದಾಗ ಇಳಿಯಬೇಕು.

ಈಗ ನಮ್ಮೂರಿಗೆ ಬರೋಣ. ಓದುತ್ತಾ ಹೋದಂತೆ ನನಗೆ ಆಶ್ಚರ್ಯ ಆದದ್ದು, ಈ ಒಂದು ವ್ಯವಸ್ಥೆಯನ್ನು ಅಲ್ಲಾಡಿಸುವ ವಸ್ತುಗಳು ನಮ್ಮ ಮನೆಯ ಸುತ್ತಲೇ ನಾಲ್ಕು ಇದ್ದವು ಅಂತ.

ಒಂದು, ಅಡಿಕೆ. ನರಕೋಶದ ಮೇಲೆ ಅಸಿಟೈಲ್‌ಕೋಲಿನ್ ಕೂರುವ ಬೀಗ ಇರುತ್ತದೆ, ರಿಸೆಪ್ಟರ್ ಅಂತ. ಅರೆಕೋಲಿನ್ ಅದೇ ಬೀಗಕ್ಕೆ ಹೊಂದುವ ಕಳ್ಳಕೀ. ಮೈಯೆಲ್ಲ ಬೀಗಗಳು ಒಟ್ಟಿಗೆ ತೆರೆದರೆ ಜೊಲ್ಲು, ಬೆವರು, ತಲೆ ತಿರುಗು... ಅದೇ ನಮ್ಮ ಸೊಕ್ಕು.

ಎರಡು, ಉಮ್ಮತ್ತ. ಗುಡ್ಡೆಯ ಬದಿಯಲ್ಲಿ ಬೆಳೆಯುವ, ಶಿವನಿಗೆ ಏರಿಸುವ ಹೂವಿನ ಗಿಡ. ಅದರಲ್ಲಿ ಅಟ್ರೊಪಿನ್, ಸ್ಕೊಪೊಲಮಿನ್ ಎಂಬ ವಿಷಗಳಿವೆ. ಅವು ಬೀಗಕ್ಕೆ ಹೊಕ್ಕು ತೆರೆಯದೆ ಹಾಗೇ ಕೂತುಬಿಡುತ್ತವೆ, ಬೀಗದೊಳಗೆ ಮುರಿದ ಕೀ ಹಾಗೆ. ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಮನುಷ್ಯ ಏನೇನೋ ಬಡಬಡಿಸುತ್ತಾನೆ, ಆಮೇಲೆ ನಡೆದದ್ದು ನೆನಪೂ ಇರುವುದಿಲ್ಲ. ಪ್ರಾಣಕ್ಕೇ ಅಪಾಯ, ಯಾರೂ ಪರೀಕ್ಷೆ ಮಾಡಲಿಕ್ಕೆ ಹೋಗಬೇಡಿ. 1974ರಲ್ಲಿ ಡ್ರಾಕ್‌ಮನ್ ಮತ್ತು ಲೆವಿಟ್ ಎಂಬ ಅಮೆರಿಕದ ಇಬ್ಬರು ಗಟ್ಟಿಮುಟ್ಟಾದ ಯುವಕ-ಯುವತಿಯರಿಗೆ ಸ್ಕೊಪೊಲಮಿನ್ ಕೊಟ್ಟು ನೋಡಿದಾಗ, ಅವರ ನೆನಪು ಮುದುಕರ ನೆನಪಿನ ಹಾಗೆ ಆಯಿತು.

ಮೂರು, ಕೀಟನಾಶಕ. ಅಸಿಟೈಲ್‌ಕೋಲಿನ್ ಕೆಲಸ ಮುಗಿಸಿದ ಕೂಡಲೇ ಅದನ್ನು ಒಡೆದು ಗುಡಿಸುವ ಒಂದು ಕಿಣ್ವ ಇದೆ. ಆರ್ಗನೊಫಾಸ್ಫೇಟ್ ಜಾತಿಯ ವಿಷಗಳು ಆ ಗುಡಿಸುವವನ ಕೈ ಕಟ್ಟಿಹಾಕುತ್ತವೆ. ಮೈತುಂಬ ಅಸಿಟೈಲ್‌ಕೋಲಿನ್ ತುಂಬಿ ಉಸಿರೇ ನಿಲ್ಲುತ್ತದೆ. ಅಂಥವರಿಗೆ ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ಯಾವುದು? ಅಟ್ರೊಪಿನ್, ಅದೇ ಉಮ್ಮತ್ತದಲ್ಲಿರುವುದು! (ನಮ್ಮ ಕಡೆ ಕೀಟನಾಶಕ ಅಂದ ಕೂಡಲೇ ಎಂಡೋಸಲ್ಫಾನ್ ನೆನಪಾಗುತ್ತದೆ. ಅದು ಬೇರೆ ಜಾತಿಯದ್ದು, ಅದರ ದಾರಿಯೂ ಬೇರೆ.)

ನಾಲ್ಕು, ಅಜ್ಜನ ಮಾತ್ರೆ. ಮಂಗಳೂರಿನಲ್ಲಿ ನರರೋಗದ ಡಾಕ್ಟರು ಬರೆದುಕೊಟ್ಟದ್ದು ಡೊನೆಪೆಜಿಲ್. ಅದೂ ಆ ಗುಡಿಸುವವನನ್ನೇ ಹಿಡಿಯುವುದು, ಆದರೆ ಮೆಲ್ಲಗೆ, ಹದದಲ್ಲಿ. 1976ರಲ್ಲಿ ಡೇವಿಸ್ ಮತ್ತು ಮಲೋನಿ ಎಂಬವರು ಆಲ್ಝೈಮರ್ ಇದ್ದವರ ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ತಯಾರಿಸುವ ಕಿಣ್ವ ತುಂಬ ಕಡಿಮೆಯಾಗಿದೆ ಅಂತ ತೋರಿಸಿದರು. 1982ರಲ್ಲಿ ವೈಟ್‌ಹೌಸ್ ಮತ್ತು ಸಂಗಡಿಗರು, ಮೈನರ್ಟ್ ಹೆಸರಿನ ಆ ಪಂಪ್‌ಶೆಡ್ಡಿನ ನರಕೋಶಗಳೇ ಸತ್ತು ಹೋಗಿರುತ್ತವೆ ಅಂತ ತೋರಿಸಿದರು. ಪಂಪು ಹಾಳಾದರೆ ಎಂತ ಮಾಡುವುದು? ಇದ್ದ ನೀರನ್ನು ಬೇಗ ಹರಿದುಹೋಗದ ಹಾಗೆ ಕಟ್ಟ ಕಟ್ಟಿ ನಿಲ್ಲಿಸುವುದು. ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಪಡೆದ ಡೊನೆಪೆಜಿಲ್ ಮಾಡುವುದು ಇಷ್ಟೇ. ಪಂಪು ರಿಪೇರಿ ಆಗುವುದಿಲ್ಲ, ಕಾಯಿಲೆ ಮುಂದುವರಿಯುವುದೂ ನಿಲ್ಲುವುದಿಲ್ಲ. ಕೆಲವರಿಗೆ ಸ್ವಲ್ಪ ಕಾಲ ದಿನಗಳು ಸ್ವಲ್ಪ ಸಲೀಸಾಗುತ್ತವೆ.

ಇನ್ನು ಅಪ್ಪನ ಪ್ರಶ್ನೆ. ಆ ಮೆಸೇಜು ಪೂರ್ತಿ ಸುಳ್ಳಲ್ಲ ಅನ್ನುವುದೇ ತೊಂದರೆ. 1978ರಲ್ಲಿ ಸೀತಾರಾಮ್, ವೈನ್‌ಗಾರ್ಟ್ನರ್, ಗಿಲಿನ್ ಎಂಬ ಮೂವರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಆರೋಗ್ಯವಂತರಿಗೆ ಅರೆಕೋಲಿನ್ ಕೊಟ್ಟು ಪದಗಳ ಸರಣಿ ಕಲಿಸಿದಾಗ ಅವರು ಬೇಗ ಕಲಿತರು, ಸ್ಕೊಪೊಲಮಿನ್ ಕೊಟ್ಟಾಗ ನಿಧಾನವಾದರು. ಮೊದಲೇ ಚುರುಕಾಗಿದ್ದವರಿಗಿಂತ ಕಲಿಕೆಯಲ್ಲಿ ಹಿಂದಿದ್ದವರ ಮೇಲೆ ಎರಡರ ಪರಿಣಾಮವೂ ಹೆಚ್ಚು. ಆಮೇಲೆ ಆಲ್ಝೈಮರ್ ರೋಗಿಗಳಿಗೂ ಅರೆಕೋಲಿನ್ ಕೊಟ್ಟು ನೋಡಿದ್ದಾರೆ. ಲಾಭ ಸಣ್ಣದು. ಅರೆಕೋಲಿನ್ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ಡೋಸ್ ಸ್ವಲ್ಪ ಏರಿಸಿದರೆ ಬೆವರು, ವಾಂತಿ... ನಮ್ಮ ಸೊಕ್ಕೇ. ಅದು ಹೃದಯ, ಹೊಟ್ಟೆ, ಮೆದುಳು ಅಂತ ನೋಡದೆ ಎಲ್ಲ ಬಾಗಿಲನ್ನೂ ತೆರೆಯುವ ಕೀ.

ಹಾಗಾದರೆ ಮೆದುಳಿನ ಬೀಗಕ್ಕೆ ಮಾತ್ರ ಹೊಂದುವ ಕೀ ಮಾಡಬಹುದಾ? ಈ ಬೀಗಗಳಲ್ಲಿ ಐದು ಬಗೆ. ಹೃದಯದಲ್ಲಿ ಮುಖ್ಯವಾದದ್ದು ಎರಡನೇ ಬಗೆ, ಜೊಲ್ಲು ಮತ್ತು ಮೂತ್ರಕೋಶದಲ್ಲಿ ಮೂರನೇ ಬಗೆ, ನೆನಪಿನ ಕೆಲಸದಲ್ಲಿ ಮೊದಲನೆಯದು. ಔಷಧಿ ಕಂಪನಿಯವರು ಅರೆಕೋಲಿನ್‌ನ ಅಚ್ಚನ್ನೇ ಮುಂದಿಟ್ಟುಕೊಂಡು ತಿದ್ದಿ ತಿದ್ದಿ 1990ರ ದಶಕದಲ್ಲಿ ಕ್ಸಾನೊಮೆಲಿನ್ ಎಂಬುದನ್ನು ತಯಾರಿಸಿದರು. 1997ರಲ್ಲಿ ಆಲ್ಝೈಮರ್ ರೋಗಿಗಳ ಮೇಲಿನ ಪರೀಕ್ಷೆಯ ಫಲಿತಾಂಶ ಬಂತು. ನೆನಪಿಗಿಂತ ಹೆಚ್ಚಾಗಿ ಅವರ ಭ್ರಮೆ, ಸಿಟ್ಟು, ಅನುಮಾನಗಳು ಕಡಿಮೆಯಾದವು. ಆದರೆ ವಾಂತಿ, ಬೆವರು ತಡೆಯಲಿಕ್ಕಾಗದೆ ತುಂಬ ಮಂದಿ ಬಿಟ್ಟರು. ಮದ್ದು ಮೂಲೆ ಸೇರಿತು. ಮತ್ತೆ ಯಾರಿಗೋ ಒಂದು ಉಪಾಯ ಹೊಳೆಯಿತು. ಮೆದುಳಿನೊಳಗೆ ಅಷ್ಟಾಗಿ ಹೋಗದ, ಮೈಯ ಬೀಗಗಳನ್ನು ಮಾತ್ರ ಮುಚ್ಚುವ ಟ್ರೋಸ್ಪಿಯಂ ಎಂಬ ಮದ್ದನ್ನು ಇದರ ಜೊತೆ ಸೇರಿಸಿದರು. ಹೊರಗೆ ಬ್ರೇಕು, ಒಳಗೆ ಆಕ್ಸಿಲರೇಟರು! ಈ ಜೋಡಿಗೆ 2024ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಮರೆವಿಗೆ ಅಲ್ಲ, ಸ್ಕಿಜೋಫ್ರೇನಿಯಾಕ್ಕೆ.

ಇದನ್ನು ಓದಿದಾಗ ನಿಜವಾಗಿ ಖುಷಿಯಾಯಿತು. ನಮ್ಮ ಅಂಗಳದಲ್ಲಿ ಒಣಗುವ ಅಡಿಕೆಯ ಅಚ್ಚಿನಿಂದ ಅಂಥ ಒಂದು ಮದ್ದು! ಆದರೆ ಅಡಿಕೆ ಮದ್ದಲ್ಲ. ಅಡಿಕೆಯಿಂದ ಆ ಮದ್ದಿಗೆ ಬರಲಿಕ್ಕೆ ಎಷ್ಟೋ ವರ್ಷದ ಕೆಲಸ ಬೇಕಾಯಿತು. ಆ ಕೆಲಸದ ಹೆಚ್ಚಿನ ಪಾಲು, ಅಡಿಕೆ ಮೈಗೆ ಮಾಡುವುದನ್ನು ಮಾಡದ ಹಾಗೆ ತಡೆಯುವುದೇ ಆಗಿತ್ತು.

ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಹಾಗಾದ್ರೆ ಒಳ್ಳೇದು ಅಂತ ಹೇಳ್ಲಿಕ್ಕೆ ಎಂತದೂ ಇಲ್ಲವಾ?" ಅಂತ ಕೇಳಿದರು.

ಆ ಪ್ರಶ್ನೆ ಅಜ್ಜನ ಬಗ್ಗೆ ಅಲ್ಲ ಅಂತ ನನಗೆ ಗೊತ್ತು. ಈ ಮೂರು ತಾಲೂಕಿನಲ್ಲಿ ಮಕ್ಕಳ ಫೀಸು, ಮದುವೆ, ಮನೆ ಎಲ್ಲ ಅಡಿಕೆಯಿಂದಲೇ. ನನ್ನ ಇಂಜಿನಿಯರಿಂಗ್ ಕೂಡ. 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದೇ ಬೆಳೆಗಾರರಿಗೆ ಒಂದು ನಿಲ್ಲುವ ನೆಲೆ ಸಿಗಲಿ ಅಂತ. ಒಂದು ಕಡೆ ಕೊಳೆರೋಗ, ಇನ್ನೊಂದು ಕಡೆ ಹಳದಿ ರೋಗ, ಈಗ ಎಲೆಚುಕ್ಕಿ. ಅದರ ಮೇಲೆ ಕ್ಯಾನ್ಸರಿನ ಸುದ್ದಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರಿಸದಿದ್ದರೂ ಅಡಿಕೆ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಅಂತ ಮೊದಲನೇ ಗುಂಪಿಗೆ ಹಾಕಿತು. ಬಾಯಿ ತೆರೆಯಲಿಕ್ಕೇ ಆಗದ ಹಾಗೆ ಒಳಗಿನ ಚರ್ಮ ಗಟ್ಟಿಯಾಗುವ ಕಾಯಿಲೆಯಂತೂ ಅಡಿಕೆಯದ್ದೇ. ಬೆಳೆಗಾರರಿಗೆ ಇದು ಮೈ ಉರಿಯುವ ವಿಷಯ. ಅಂಥಾ ಹೊತ್ತಿನಲ್ಲಿ 'ನಮ್ಮ ಅಡಿಕೆ ಮೆದುಳಿಗೆ ಒಳ್ಳೆಯದು' ಅಂತ ಒಂದು ಮೆಸೇಜು ಬಂದರೆ, ಅದು ಬರೇ ಸುದ್ದಿ ಅಲ್ಲ, ಸಮಾಧಾನ. ಅದನ್ನು ಮುಂದೆ ಕಳಿಸುವವರನ್ನು ನನಗೆ ಬೈಯಲಿಕ್ಕೆ ಮನಸ್ಸು ಬರುವುದಿಲ್ಲ.

ಆದರೆ ಅಪ್ಪನಿಗೆ ಹೇಳಬೇಕಾದದ್ದು ಹೇಳಿದೆ. ಅಜ್ಜ ಅರವತ್ತು ವರ್ಷ ಎಲೆ ತಿಂದವರು, ಹಲ್ಲು ಹೋದ ಮೇಲೂ ಸಣ್ಣ ಕಲ್ಲಿನಲ್ಲಿ ಗುದ್ದಿ ತಿಂದವರು. ಅದು ಅವರ ಮರೆವನ್ನು ತಡೆಯಲಿಲ್ಲ. ಒಬ್ಬ ಅಜ್ಜ ಪುರಾವೆ ಆಗುವುದಿಲ್ಲ, ಸರಿ. ಆದರೆ ಅಡಿಕೆ ತಿಂದರೆ ಮರೆವು ಗುಣವಾಗುತ್ತದೆ ಅನ್ನಲಿಕ್ಕೆ ಅಷ್ಟೂ ಇಲ್ಲ.

ಎಲೆ ನಿಲ್ಲಿಸಿದ್ದು ಯಾಕೆ ಅಂತ ಹೇಳಲಿಲ್ಲ ಅಲ್ಲವಾ? ಅದೇ ಈ ಕಥೆಯ ಮುಖ್ಯ ಭಾಗ.

ಡೊನೆಪೆಜಿಲ್ ಶುರು ಮಾಡಿದ ಮೇಲೆ ಅಜ್ಜ ಎರಡು ತಿಂಗಳು ಸ್ವಲ್ಪ ಚುರುಕಾದ ಹಾಗೆ ಕಂಡರು. ಬೆಳಗ್ಗೆ ಪೇಪರು ಹಿಡಿದು ಕೂರಲಿಕ್ಕೆ ಶುರು ಮಾಡಿದರು. ಆಮೇಲೆ ಬೇರೆ ತಾಪತ್ರಯ. ಬಚ್ಚಲಿಗೆ ಹೋಗುವಷ್ಟರಲ್ಲಿ ಪಂಚೆ ಒದ್ದೆ. ಜೀವನವಿಡೀ ಅಚ್ಚುಕಟ್ಟಾಗಿ ಇದ್ದವರು, ಅವಮಾನದಿಂದ ಜಗಲಿಗೆ ಬರುವುದನ್ನೇ ಬಿಟ್ಟರು. ಹತ್ತಿರದ ಪೇಟೆಯ ಒಬ್ಬ ಡಾಕ್ಟರ ಹತ್ತಿರ ತೋರಿಸಿದಾಗ, ಪ್ರಾಯಕ್ಕೆ ಸಹಜ ಅಂತ ಹೇಳಿ ಮೂತ್ರ ಹಿಡಿತಕ್ಕೆ ಒಂದು ಮಾತ್ರೆ ಕೊಟ್ಟರು. ಅದು ಸರಿಯಾಯಿತು. ಆದರೆ ಅಜ್ಜ ಪೂರಾ ಮಂಕಾದರು. ರಾತ್ರಿ ಎದ್ದು ತೀರಿಹೋದ ತಮ್ಮನ ಹತ್ತಿರ ಮಾತಾಡುವುದು, ಹಗಲು ಅಪ್ಪನನ್ನೇ ಗುರುತು ಹಿಡಿಯದಿರುವುದು. ಕಾಯಿಲೆ ಜೋರಾಯಿತು, ಇನ್ನು ಇಷ್ಟೇ ಅಂತ ಮನೆಯಲ್ಲಿ ಎಲ್ಲ ತಯಾರಾದರು. ಚಿಕ್ಕಪ್ಪ ಮುಂಬೈಯಿಂದ ನೋಡಲಿಕ್ಕೆ ಬಂದು ಹೋದರು.

ಆ ಹೊತ್ತಿಗೆ ಜ್ವರಕ್ಕೆ ಅಂತ ಹೋದಲ್ಲಿ ಸಣ್ಣ ಪ್ರಾಯದ ಒಬ್ಬರು ಲೇಡಿ ಡಾಕ್ಟರ್ ಇದ್ದರು. ಅವರು ಅಜ್ಜನನ್ನು ನೋಡಿ, ಅಮ್ಮನಿಗೆ ಒಂದೇ ಮಾತು ಹೇಳಿದರಂತೆ: "ಮನೆಯಲ್ಲಿ ಇವರು ತಿನ್ನುವ ಮಾತ್ರೆ ಎಷ್ಟುಂಟೋ ಅಷ್ಟೂ ಒಂದು ಚೀಲದಲ್ಲಿ ಹಾಕಿ ನಾಳೆ ತನ್ನಿ. ಅಂಗಡಿಯಿಂದ ತಂದದ್ದೂ ಬೇಕು."

ಅಮ್ಮ ಬಟ್ಟೆ ಅಂಗಡಿಯ ಚೀಲದಲ್ಲಿ ತುಂಬಿಸಿಕೊಂಡು ಹೋದರು. ಡಾಕ್ಟರು ಮೇಜಿನ ಮೇಲೆ ಸುರಿದು ಎರಡು ರಾಶಿ ಮಾಡಿದರು. ಒಂದರಲ್ಲಿ ಡೊನೆಪೆಜಿಲ್. ಇನ್ನೊಂದರಲ್ಲಿ ಮೂತ್ರದ ಮಾತ್ರೆ ಆಕ್ಸಿಬ್ಯುಟಿನಿನ್, ಮತ್ತು ಶೀತ-ನೆಗಡಿಗೆ ಅಂತ ಮೆಡಿಕಲ್ಲಿನಿಂದ ತಂದು ಅಜ್ಜ ದಿನಾ ರಾತ್ರಿ ನುಂಗುತ್ತಿದ್ದ ಮಾತ್ರೆ, ಅದರಲ್ಲಿ ಕ್ಲೋರ್‌ಫೆನಿರಮಿನ್. ಮೊದಲನೆಯದು ಅಸಿಟೈಲ್‌ಕೋಲಿನ್ ಏರಿಸುವುದು. ಎರಡನೇ ರಾಶಿಯಲ್ಲಿದ್ದ ಎರಡೂ ಅದರ ಬೀಗ ಮುಚ್ಚುವಂಥವು, ಉಮ್ಮತ್ತದ ಕೆಲಸ ಮಾಡುವಂಥವು. ಅಜ್ಜನಿಗೆ ಮೂತ್ರ ನಿಲ್ಲದಿದ್ದದ್ದು ಪ್ರಾಯದಿಂದಲ್ಲ, ಹೆಚ್ಚಾಗಿ ಡೊನೆಪೆಜಿಲ್ಲಿನಿಂದ. ಮೂತ್ರಕೋಶ ಹಿಂಡುವುದೂ ಅಸಿಟೈಲ್‌ಕೋಲಿನ್ನೇ ತಾನೆ! ಅದನ್ನು ತಡೆಯಲಿಕ್ಕೆ ಕೊಟ್ಟ ಮಾತ್ರೆ ಮೂತ್ರಕೋಶದಲ್ಲಿ ನಿಲ್ಲದೆ ಮೆದುಳಿಗೂ ಹೋಯಿತು.

ನಮ್ಮ ಕೆಲಸದಲ್ಲಿ ಇದನ್ನು ನಾನು ಎಷ್ಟು ಸಲ ನೋಡಿದ್ದೇನೆ! ಒಬ್ಬ ಒಂದು ಪ್ಯಾಚ್ ಹಾಕುತ್ತಾನೆ. ಅದರಿಂದ ಬಂದ ತೊಂದರೆಯನ್ನು ಹೊಸ ಬಗ್ ಅಂತ ತಿಳಿದು ಇನ್ನೊಬ್ಬ ಇನ್ನೊಂದು ಪ್ಯಾಚ್ ಹಾಕುತ್ತಾನೆ. ಎರಡೂ ಒಂದನ್ನೊಂದು ತಿಂದು ಹಾಕುತ್ತವೆ, ಸಿಸ್ಟಮ್ ಮಲಗುತ್ತದೆ. ಅಲ್ಲಿ ಇಬ್ಬರೂ ಬರೆದದ್ದು ಒಂದೇ ಕಡೆ ದಾಖಲಾಗಿರುತ್ತದೆ, ತೆಗೆದು ನೋಡಬಹುದು. ಇಲ್ಲಿ ಅಂಥ ದಾಖಲೆ ಅಂದ್ರೆ ಅಮ್ಮನ ಬಟ್ಟೆ ಅಂಗಡಿಯ ಚೀಲ ಒಂದೇ.

ಡಾಕ್ಟರು ಮಂಗಳೂರಿನವರ ಹತ್ತಿರ ಫೋನಿನಲ್ಲಿ ಮಾತಾಡಿ ಮೂತ್ರದ ಮಾತ್ರೆ, ಶೀತದ ಮಾತ್ರೆ ಎರಡನ್ನೂ ನಿಲ್ಲಿಸಿದರು. ಡೊನೆಪೆಜಿಲ್ ಪ್ರಮಾಣ ಅರ್ಧ ಮಾಡಿ, ರಾತ್ರಿಯ ಬದಲು ಬೆಳಗ್ಗೆ ಕೊಡಲಿಕ್ಕೆ ಹೇಳಿದರು, ರಾತ್ರಿ ತೆಗೆದುಕೊಂಡರೆ ಕನಸು ಹೆಚ್ಚಾಗುವುದುಂಟಂತೆ. ನಾಡಿ ಹಿಡಿದು ನೋಡಿ ಎಲೆ-ಅಡಿಕೆಯ ಬಗ್ಗೆಯೂ ಕೇಳಿದರು. ನಾಡಿ ನಿಧಾನ ಇತ್ತು. "ಮಾತ್ರೆಯೂ ಅಡಿಕೆಯೂ ಒಂದೇ ಕಡೆಗೆ ಎಳೆಯುವಂಥವು, ಅಡಿಕೆ ಬೇಡ" ಅಂದರು. ಎಲೆ ನಿಂತದ್ದು ಹಾಗೆ.

ಮೂರು ವಾರದಲ್ಲಿ ಅಜ್ಜ ಜಗಲಿಗೆ ಬಂದರು. ಅಪ್ಪನ ಗುರುತು ಸಿಕ್ಕಿತು. ಮರೆವು ಹೋಗಲಿಲ್ಲ, ಅದು ಹೋಗುವಂಥದ್ದಲ್ಲ. ಆದರೆ ಕಾಯಿಲೆಯ ಮೇಲೆ ನಾವು ಹೇರಿದ್ದ ಇನ್ನೊಂದು ಹೊರೆ ಇಳಿಯಿತು.

ಎಲೆಯದ್ದೇ ದೊಡ್ಡ ರಗಳೆ ಆದದ್ದು. ಅಮ್ಮ ಎಲೆಗೆ ಸ್ವಲ್ಪ ಸುಣ್ಣ, ಒಂದು ಲವಂಗ ಇಟ್ಟು ಗುದ್ದಿ, ಅಡಿಕೆ ಹಾಕದೆ ಕೊಟ್ಟರು. ಅಜ್ಜ ಬಾಯಿಗೆ ಹಾಕಿ, ಎರಡು ಸಲ ಮೆಲ್ಲಿ, ಅಂಗಳಕ್ಕೆ ಉಗುಳಿದರು.

"ಅಡಿಕೆ ಎಲ್ಲಿ?"

"ಈಗಷ್ಟೇ ಹಾಕಿದ್ದಲ್ಲವಾ ಮಾವ..." ಅಂತ ಅಮ್ಮ ರಾಗ ಎಳೆದರು. ತಿಂಡಿ ತಿಂದದ್ದು ಮರೆಯುವವರಿಗೆ ಇದು ಗೊತ್ತಾಗಲಿಕ್ಕಿಲ್ಲ ಅಂತ ಅವರ ಲೆಕ್ಕ.

"ನನಗೆ ನೆನಪು ಹೋಗಿರಬಹುದು, ನಾಲಗೆ ಹೋಗಲಿಲ್ಲ" ಅಂದರಂತೆ ಅಜ್ಜ.

ಅಮ್ಮ ಫೋನಿನಲ್ಲಿ ಹೇಳುವಾಗ ನಗಾಡುತ್ತಿದ್ದರು, ಆದರೆ ಮನಸ್ಸು ಚುರ್ ಅಂದದ್ದು ಧ್ವನಿಯಲ್ಲಿ ಗೊತ್ತಾಗುತ್ತಿತ್ತು. ತಾವೇ ನೆಟ್ಟು, ನೀರು ಹಾಕಿ, ಕೊಯ್ದು, ಮೂರು ತಲೆಮಾರು ಸಾಕಿದ ಬೆಳೆಯ ಒಂದು ಹೋಳು ಅವರಿಗೆ ಇಲ್ಲ ಅನ್ನಬೇಕು. ಡಾಕ್ಟರ ಹತ್ತಿರ ಇನ್ನೊಮ್ಮೆ ಕೇಳಿದ ಮೇಲೆ, ನಾಡಿ ನೋಡಿಕೊಳ್ಳುತ್ತಾ ಹಬ್ಬದ ದಿನ ಒಂದು ಚಿಟಿಕೆ ಅಂತ ತೀರ್ಮಾನ ಆಯಿತು. ಈಗ ಅಜ್ಜ ದಿನಾ ಇವತ್ತು ಯಾವ ಹಬ್ಬ ಅಂತ ಕೇಳುತ್ತಾರೆ!

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಮರೆವಿನ ಕಾಯಿಲೆ ಇದೆ ಅಂತ 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ, ಅಂದರೆ ನೂರಕ್ಕೆ ಏಳಕ್ಕಿಂತ ಹೆಚ್ಚು. ನಮ್ಮ ಊರುಗಳಲ್ಲಿ ಮಕ್ಕಳೆಲ್ಲ ಬೆಂಗಳೂರು, ಮುಂಬೈ, ಅಮೆರಿಕ. ಮನೆಯಲ್ಲಿ ಉಳಿದವರು ಅಜ್ಜ-ಅಜ್ಜಿ, ಮತ್ತೆ ಅವರ ಮಾತ್ರೆಯ ಡಬ್ಬ. ಒಂದು ಡಾಕ್ಟರು ಪುತ್ತೂರಿನಲ್ಲಿ, ಒಂದು ಸುಳ್ಯದಲ್ಲಿ, ಒಂದು ಮಂಗಳೂರಿನಲ್ಲಿ. ಪ್ರತಿಯೊಬ್ಬರೂ ತಮ್ಮ ಭಾಗ ಸರಿಯಾಗಿಯೇ ನೋಡಿರಬಹುದು. ಎಲ್ಲವನ್ನೂ ಒಟ್ಟಿಗೆ ನೋಡುವವರು ಯಾರು?

ಹಾಗಾಗಿ ಈ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಅಜ್ಜ-ಅಜ್ಜಿಯ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಅವರನ್ನೂ ಕರೆದುಕೊಂಡು, ಒಬ್ಬ ಡಾಕ್ಟರ ಎದುರು ಸುರಿಯಿರಿ. ನೀವೇ ಯಾವುದನ್ನೂ ನಿಲ್ಲಿಸಲಿಕ್ಕೆ ಹೋಗಬೇಡಿ, ಅದೂ ಅಪಾಯವೇ. ಶೀತದ್ದು, ನಿದ್ದೆಯದ್ದು, ತಲೆ ತಿರುಗುವುದಕ್ಕೆ ತಂದದ್ದು, ಮೂತ್ರದ್ದು, ಯಾವುದನ್ನೂ ಬಿಡಬೇಡಿ. ಎಲೆ-ಅಡಿಕೆ ತಿನ್ನುವುದನ್ನೂ ಹೇಳಿ. "ಇದರಲ್ಲಿ ಮರೆವು ತರುವಂಥದ್ದು ಉಂಟಾ?" ಅಂತ ಬಾಯಿಬಿಟ್ಟು ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ.

ಅಪ್ಪ ಆ ಮೆಸೇಜನ್ನು ಮುಂದೆ ಕಳಿಸಲಿಲ್ಲ. ಅದರ ಬದಲು ಅವರ ಗುಂಪಿನಲ್ಲಿ ಈ ಚೀಲದ ವಿಷಯವನ್ನು ನಾಲ್ಕು ಸಾಲು ಬರೆದು ಹಾಕಿದರಂತೆ. ಮೂರು ಮನೆಯವರು ಫೋನ್ ಮಾಡಿ ಕೇಳಿದರು ಅಂತ ಹೇಳಿದರು. ಒಬ್ಬರು ಮಾತ್ರ, "ಅಡಿಕೆಗೆ ಈಗ ರೇಟು ಎಷ್ಟುಂಟು, ಅದು ಹೇಳಿ ಮಾರಾಯ್ರೇ" ಅಂದರಂತೆ :-)